ಕುರ್ಚಿಯಲ್ಲಿ ಎಷ್ಟು ಜನ

ಪಟ್ಟಿಮಾವನ ಎದುರು ಯಾರೂ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಸುಮ್ಮನೆ ನಿಲ್ಲುವುದು ಎಂಬುದೊಂದು ಇದೆಯೆಂದು ಅವರು ಒಪ್ಪುತ್ತಲೇ ಇರಲಿಲ್ಲ. ನಿಂತವರ ಕೈ ಎಲ್ಲಾದರೂ ಇರಲೇಬೇಕಲ್ಲ? ಸೊಂಟದ ಮೇಲೋ, ಬೆನ್ನ ಹಿಂದೋ, ಜೇಬಿನೊಳಗೋ, ಏನೂ ತೋಚದೆ ಎರಡೂ ಪಕ್ಕಕ್ಕೆ ಜೋತುಬಿದ್ದೋ. ಎಲ್ಲಿದೆಯೋ ಅದಕ್ಕೊಂದು ಹೆಸರು. ಒಂದಕ್ಕೆ ಒಂದೇ ಹೆಸರು. ಇಷ್ಟನ್ನು ಲೋಕ ಒಪ್ಪಿಕೊಂಡಿದ್ದರೆ ಅರ್ಧ ಜಗಳ ಇರುತ್ತಲೇ ಇರಲಿಲ್ಲ ಎಂದು ಅವರು ನಂಬಿದ್ದರು. ಉಳಿದ ಅರ್ಧ ಯಾತರದ್ದು ಎಂದು ಅವರ ಅಕ್ಕ ಒಮ್ಮೆ ಕೇಳಿದ್ದಳು.

"ಎಡ ಅಂದ್ರೆ ಯಾರ ಎಡ ಅನ್ನೋದ್ರದ್ದು," ಎಂದಿದ್ದರು ಪಟ್ಟಿಮಾವ, ನಗದೆ.

ಅವರು ಯಾರಿಗೂ ಮಾವನಲ್ಲ. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅವರ ಅಕ್ಷರಶುದ್ಧಿಯ ಮುಂದೆ ತಾಳಲಾರದೆ ಬಂದ ದಾರಿಯಲ್ಲೇ ಹಿಂದೆ ಹೋಗಿತ್ತು. ಪಟ್ಟಿಮಾವ ಎಂಬುದು ಬೀದಿಯ ಮಕ್ಕಳು ಕೊಟ್ಟ ಬಿರುದು. ಸಾರ್ವಜನಿಕ ಗ್ರಂಥಾಲಯದಲ್ಲಿ ಮೂವತ್ತಮೂರು ವರ್ಷ ಪುಸ್ತಕದ ಪಟ್ಟಿ ಬರೆದರು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಪ್ರೀತಿಯಿಂದ ಒಂದು ಪುಸ್ತಕ ಕೊಟ್ಟರೆ, ಕೃತಜ್ಞತೆಯ ಭಾಷಣದಲ್ಲಿ ಅದರ ಬೆನ್ನಿನ ಮೇಲಿದ್ದ ಸಂಖ್ಯೆ ತಪ್ಪೆಂದು ತೋರಿಸಿಕೊಟ್ಟರು. ಆ ಪುಸ್ತಕ ಗ್ರಂಥಾಲಯದ್ದೇ ಎಂಬುದು ಆಗ ಬಯಲಾಗಿ ಸಭೆ ಬೇಗ ಮುಗಿಯಿತು.

ನಿವೃತ್ತಿಯ ಮರುವರ್ಷ ಊರಿನ ಕಣ್ಣಿನ ಡಾಕ್ಟರು ಅವರನ್ನು ಕರೆಸಿಕೊಂಡರು. ಡಾಕ್ಟರಿಗೂ ವಯಸ್ಸಾಗಿತ್ತು, ರೋಗಿಗಳನ್ನು ನೋಡುವುದು ಬಿಟ್ಟು ಹಳೆಯ ಫೋಟೋ ನೋಡುವ ಹುಚ್ಚು ಹಿಡಿದಿತ್ತು. ಊರಿನ ಹಳೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಹಾಕುವ ಚಿತ್ರಭಂಡಾರವೊಂದನ್ನು ಅವರು ತೆರೆದಿದ್ದರು. ಹೊಲಿಗೆ ಅಂಗಡಿಯ ಮೇಲೊಂದು ಉದ್ದನೆಯ ಕೋಣೆ, ಎರಡು ಕಂಪ್ಯೂಟರು, ಒಂದು ದೊಡ್ಡ ಸ್ಕ್ಯಾನರು. ಅದನ್ನು ನಡೆಸುವ ಹೆಂಗಸೊಬ್ಬಳು. ನಲವತ್ತೈದರ ಆಸುಪಾಸು, ಗಿಡ್ಡ ಆಳು, ಮಾತು ಮಾತ್ರ ಉದ್ದ. ಎಲ್ಲರೂ ಅವಳನ್ನು ಸ್ಕ್ಯಾನರಮ್ಮ ಎನ್ನುತ್ತಿದ್ದರು.

ಚಿತ್ರ ಹುಡುಕುವವರಿಗೆ ಸುಲಭವಾಗಲೆಂದು ಪ್ರತಿ ಚಿತ್ರಕ್ಕೂ ಅದರಲ್ಲಿರುವವರ ಭಂಗಿಯನ್ನು ಹೇಳುವ ಟ್ಯಾಗ್ ಅಂಟಿಸಬೇಕಿತ್ತು. ಪಟ್ಟಿಮಾವ ಬರುವ ಮೊದಲು ಯಾರು ಯಾರೋ ತಮಗೆ ತೋಚಿದ್ದನ್ನು ಅಂಟಿಸಿದ್ದರು. ಒಟ್ಟು ನಾನೂರ ಹದಿನೇಳು ಟ್ಯಾಗುಗಳು. "ನಿಂತಿರುವುದು", "ನಿಂತವರು", "ನಿಂತ ಭಂಗಿ", "ಗತ್ತಿನಲ್ಲಿ ನಿಂತದ್ದು" — ನಾಲ್ಕೂ ಒಂದೇ. ಕೆನ್ನೆಗೆ ಕೈ ಕೊಟ್ಟು ಕೂತ ಒಬ್ಬ ಕವಿಯ ಚಿತ್ರಕ್ಕೆ "ಹಲ್ಲುನೋವು" ಎಂದಿತ್ತು. ನಿಜವಾಗಿ ಹಲ್ಲುನೋವಿದ್ದ ಒಬ್ಬ ವ್ಯಾಪಾರಿಗೆ "ಚಿಂತನೆ" ಎಂದಿತ್ತು.

ಪಟ್ಟಿಮಾವ ಮೊದಲ ದಿನ ಅದನ್ನೆಲ್ಲ ನೋಡಿ ಮಧ್ಯಾಹ್ನ ಊಟ ಮಾಡಲಿಲ್ಲ. ಎರಡನೆಯ ದಿನ ಹನ್ನೊಂದು ಪುಟದ ನಿಯಮಾವಳಿ ಬರೆದು ತಂದರು. ಮೊದಲು ಎಷ್ಟು ಜನ; ಆಮೇಲೆ ದೇಹ, ಅಂದರೆ ನಿಂತು, ಕೂತು, ಒರಗಿ, ಮಲಗಿ; ಆಮೇಲೆ ಕೈಕಾಲು; ಕೊನೆಗೆ ನೋಟ. ಎಡ ಎಂದರೆ ಚಿತ್ರದಲ್ಲಿರುವವರ ಎಡ, ನೋಡುವವರದ್ದಲ್ಲ. ಕೆಲವು ಟ್ಯಾಗುಗಳಿಗೆ ಗಡಿ: "ಕೂತು, ಕಾಲು ತೂಗಿ" ಎಂಬುದು ಮಕ್ಕಳಿಗೆ ಮಾತ್ರ, ದೊಡ್ಡವರಿಗೆ ಬಳಸಕೂಡದು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಒಂದು ಸಾಲು: ಕಂಡದ್ದನ್ನು ಮಾತ್ರ ಬರೆಯತಕ್ಕದ್ದು, ಅಂದುಕೊಂಡದ್ದನ್ನಲ್ಲ.

ಆರು ತಿಂಗಳಲ್ಲಿ ನಾನೂರ ಹದಿನೇಳು ಇಳಿದು ಅರವತ್ತೆರಡಾಯಿತು. ಅವರು ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಈ ಸಂಖ್ಯೆಯನ್ನು ಘೋಷಿಸಿದರು. ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು.

"ಹೋಗ್ಲಿ ಬಿಡು, ಯುದ್ಧ ಗೆದ್ದೆ," ಎಂದಳು. "ಕೈಕಾಲು ತೊಳ್ಕೊ. ತೊಳ್ಕೊಳ್ಳೋಕೂ ಒಂದು ಹೆಸರಿಟ್ಟಿದ್ದೀಯೇನೋ, ನಂಗೊತ್ತಿಲ್ಲ."

ಅಕ್ಕ ಅವರಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಎತ್ತರದ ಹೆಂಗಸು, ಎಪ್ಪತ್ತಾದರೂ ಬಾಗಿಲಿನ ಮೇಲುಪಟ್ಟಿಯ ಧೂಳನ್ನು ಸ್ಟೂಲಿಲ್ಲದೆ ಒರೆಸುತ್ತಿದ್ದಳು. ಪಟ್ಟಿಮಾವ ನಾಲ್ಕು ತಿಂಗಳ ಕೂಸಾಗಿದ್ದಾಗ ತಾಯಿ ಜ್ವರದಲ್ಲಿ ತೀರಿಕೊಂಡಳು. ತಂದೆ ದೂರದ ಗಣಿಯಲ್ಲಿ ಕೆಲಸಕ್ಕಿದ್ದ. ಮನೆಗೆ ಬರುವುದು ವರ್ಷಕ್ಕೊಮ್ಮೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಒಂಬತ್ತು ವರ್ಷದ ಅಕ್ಕ. ಮದುವೆಯಾಗಿ ಹೋದಳು, ಗಂಡ ಸತ್ತ ಮೇಲೆ ವಾಪಸು ಬಂದಳು, ಬಂದ ದಿನವೇ ತಮ್ಮನ ಕಪಾಟಿನ ಮೇಲೆ ಅಂಟಿಸಿದ್ದ ಚೀಟಿಗಳನ್ನೆಲ್ಲ ಕಿತ್ತೆಸೆದಳು. ತಮ್ಮ ಆಡದ ಮಾತಿರಲಿಲ್ಲ. ಅಕ್ಕ ತಾಯಿಯ ವಿಷಯ ಒಂದನ್ನು ಬಿಟ್ಟು ಎಲ್ಲದಕ್ಕೂ ಎದುರುತ್ತರ ಕೊಡುತ್ತಿದ್ದಳು. ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಯಾರಾದರೂ ಕೇಳಿದರೆ ಪಟ್ಟಿಮಾವ ಪಟ್ಟಿ ಓದುವ ದನಿಯಲ್ಲೇ ಹೇಳುತ್ತಿದ್ದರು: "ನಮ್ಮ ತಾಯಿಯ ಚಿತ್ರ ಲಭ್ಯವಿಲ್ಲ."

ಹೀಗಿರುವಾಗ ಒಂದು ದಿನ ಕಿಟಕಿಬೆಳಕಿನ ಸ್ಟುಡಿಯೋದ ಸಾಮಾನು ಬಂತು.

ಊರಿಗೆ ವಿದ್ಯುತ್ತು ಬಂದ ಮೇಲೂ ದೀಪ ಹಾಕದೆ, ದೊಡ್ಡ ಕಿಟಕಿಯೊಂದರ ಬೆಳಕಿನಲ್ಲೇ ಫೋಟೋ ತೆಗೆಯುತ್ತಿದ್ದ ಹಳೇ ಕಾಲದ ಸ್ಟುಡಿಯೋ ಅದು. ಅಲ್ಲಿಯ ಕ್ಯಾಮೆರಾ ನಿಧಾನದ್ದು. ಮುಚ್ಚಳ ತೆಗೆದು, ಐದು ಎಣಿಸಿ, ಮುಚ್ಚಬೇಕು. ದೊಡ್ಡವರಾದರೆ ಉಸಿರು ಹಿಡಿದು ಕೂರುತ್ತಾರೆ. ಹಸುಳೆಗಳು ಕೂರುತ್ತವೆಯೇ? ಅದಕ್ಕೆ ಆ ಫೋಟೋಗ್ರಾಫರು ಒಂದು ಉಪಾಯ ಮಾಡಿಕೊಂಡಿದ್ದರು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯಿಂದ ಪಾದದವರೆಗೆ ದಪ್ಪ ಪರದೆ ಹೊದಿಸಿ, ಪರದೆಯ ಮೇಲೆ ಮಗುವನ್ನು ಕೂರಿಸುವುದು. ತಾಯಿ ಬಟ್ಟೆಯೊಳಗಿಂದಲೇ ಮಗುವಿನ ಸೊಂಟ ಹಿಡಿದಿರುತ್ತಾಳೆ. ಚಿತ್ರದಲ್ಲಿ ಮಗುವೊಂದೇ, ಹಿಂದೆ ಏನೋ ಹೊದಿಸಿದ ಕುರ್ಚಿ. ನೋಡಿದವರು ಅಷ್ಟೇ ಅಂದುಕೊಳ್ಳಬೇಕು.

ಫೋಟೋಗ್ರಾಫರ ಮೊಮ್ಮಗ ಅಂಗಡಿ ಖಾಲಿ ಮಾಡುವಾಗ ನೆಗೆಟಿವ್ ಮೂಡಿಸಿದ ಗಾಜಿನ ಪ್ಲೇಟುಗಳ ಪೆಟ್ಟಿಗೆಯ ಜೊತೆ ಆ ಕುರ್ಚಿಯನ್ನೂ ಆ ಪರದೆಯನ್ನೂ ಕಳಿಸಿಬಿಟ್ಟಿದ್ದ. ಕ್ಯಾಮೆರಾದ ಎತ್ತರಕ್ಕೆ ಹೊಂದಲೆಂದು ಕಾಲು ಕತ್ತರಿಸಿ ಗಿಡ್ಡ ಮಾಡಿದ ತೋಳುಕುರ್ಚಿ. ಸ್ಕ್ಯಾನರಮ್ಮ ಕೂತು ನೋಡಿ ಎದ್ದಳು. "ಅಯ್ಯೋ, ನನ್ನಂಥ ಕುಳ್ಳಿಗೇ ಮಂಡಿ ಗದ್ದಕ್ಕೆ ಬಡಿಯುತ್ತಲ್ಲ ಸರ್!" ಎಂದು ಅದನ್ನು ಕಿಟಕಿಯ ಪಕ್ಕಕ್ಕೆ ತಳ್ಳಿ, ಧೂಳು ಕೂರದಿರಲಿ ಎಂದು ಪರದೆಯನ್ನು ಅದರ ಮೇಲೆ ಹೊದಿಸಿದಳು. ಎಲೆಯ ಅಂಚಿನ ಕಂದು ಪರದೆ, ಒಂದು ಮೂಲೆಯಲ್ಲಿ ಚೌಕದ ತೇಪೆ. ಮರುದಿನದಿಂದ ಅವಳದ್ದೊಂದು ಹೊಸ ದೂರು ಶುರುವಾಯಿತು.

"ಆ ಕುರ್ಚಿ ಮೇಲೆ ಬ್ಯಾಗ್ ಇಟ್ರೆ ನಿಲ್ಲಲ್ಲ ಸರ್. ಜಾರಿ ಬೀಳುತ್ತೆ."

"ಇಡೋ ರೀತೀಲಿ ಇಟ್ರೆ ನಿಲ್ಲುತ್ತೆ."

"ನೀವೇ ಇಟ್ಟು ನೋಡಿ."

ಪಟ್ಟಿಮಾವ ತಮ್ಮ ಊಟದ ಡಬ್ಬಿ ಇಟ್ಟರು. ಅದು ಒಂದು ಗಳಿಗೆ ನಿಂತು, ಮೆಲ್ಲಗೆ ಮುಂದಕ್ಕೆ ಜಾರಿ, ನೆಲಕ್ಕೆ ಬಿತ್ತು. ಯಾರೋ ಮಂಡಿಯನ್ನು ತುಸು ಕೆಳಗಿಳಿಸಿದ ಹಾಗೆ. "ಕುರ್ಚಿಯ ಆಸನ ಇಳಿಜಾರಾಗಿದೆ," ಎಂದು ಅವರು ತೀರ್ಪು ಕೊಟ್ಟು, ಡಬ್ಬಿ ಎತ್ತಿಕೊಂಡು ತಮ್ಮ ಮೇಜಿಗೆ ಹೋದರು. ಆ ಮೇಲೆ ಇಬ್ಬರೂ ಅದರ ಮೇಲೆ ಏನನ್ನೂ ಇಡಲಿಲ್ಲ.

ಪೆಟ್ಟಿಗೆಯಲ್ಲಿ ಪರದೆ ಹೊದಿಸಿದ ಕುರ್ಚಿಯ ಪ್ಲೇಟುಗಳು ನಲವತ್ತೊಂದು ಇದ್ದವು. ಸ್ಕ್ಯಾನರಮ್ಮ ಎಲ್ಲವಕ್ಕೂ "ಇಬ್ಬರು, ಪರದೆಯಡಿ ತಾಯಿ" ಎಂದು ಟ್ಯಾಗ್ ಹಾಕಿದಳು. ಪಟ್ಟಿಮಾವನ ಕಣ್ಣಿಗೆ ಬಿತ್ತು. ಬೀಳದೆ ಇರುತ್ತದೆಯೇ?

"ಇದೇನಮ್ಮ, ಇಬ್ಬರು?"

"ಇಬ್ಬರೇ ಅಲ್ವಾ ಸರ್? ನೋಡಿ, ತಲೆ ಇಲ್ಲಿದೆ, ಭುಜ ಇಲ್ಲಿದೆ. ಪಾಪ, ಬೆವರ್ಕೊಂಡು ಕೂತಿರ್ತಾಳೆ ಒಳಗೆ."

"ನಿನಗೆ ತಲೆ ಕಾಣ್ತಿದೆಯಾ?"

"ತಲೆ ಕಾಣಲ್ಲ. ತಲೆ ಇರೋದು ಕಾಣುತ್ತೆ."

"ಅದನ್ನೇ ಅಂದುಕೊಳ್ಳೋದು ಅನ್ನೋದು. ನಿಯಮ ಏನು? ಕಾಣದವರನ್ನ ಎಣಿಸೋಕೆ ಶುರು ಮಾಡಿದ್ರೆ ಎಲ್ಲಿಗೆ ನಿಲ್ಸೋದು? ಫೋಟೋ ತೆಗೆದವನನ್ನೂ ಎಣಿಸು. ಬಾಗಿಲಾಚೆ ಕಾಯ್ತಿರೋರನ್ನೂ ಎಣಿಸು. ಸತ್ತೋರನ್ನೂ ಎಣಿಸು."

"ಹೆತ್ತ ತಾಯಿ ಸರ್," ಎಂದಳು ಸ್ಕ್ಯಾನರಮ್ಮ. "ಮಗು ಬೀಳ್ದೆ ಕೂತಿದೆಯಲ್ಲ, ಅದೇ ಸಾಕ್ಷಿ."

ಅವರು ಕೇಳಲಿಲ್ಲ. ಒಂದು ಟ್ಯಾಗನ್ನು ಇನ್ನೊಂದರಲ್ಲಿ ಕರಗಿಸುವ ಗುಂಡಿಯೊಂದಿತ್ತು; ಒತ್ತಿದರೆ ಹಳೆಯದು ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಆ ಗುಂಡಿಯನ್ನು ಒತ್ತುವ ಅಧಿಕಾರ ಊರಿನಲ್ಲೆಲ್ಲ ತಮ್ಮೊಬ್ಬರಿಗೇ ಇದೆ ಎಂಬ ಸಂತೋಷದಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಅವರು ಒತ್ತಿದರು. "ಇಬ್ಬರು, ಪರದೆಯಡಿ ತಾಯಿ" ಅಳಿಸಿಹೋಗಿ ಎಲ್ಲವೂ "ಒಬ್ಬರು, ಕೂತು" ಆಯಿತು. ಸ್ಕ್ಯಾನರಮ್ಮ ಚಹಾ ಕುಡಿಯಲು ಕೆಳಗಿಳಿದಳು.

ಕಂಪ್ಯೂಟರಿನ ಪರದೆಯ ಮೇಲೆ ಬದಲಾದ ಚಿತ್ರಗಳ ಲೆಕ್ಕ ಬಂತು. ನಲವತ್ತೆರಡು.

ಪಟ್ಟಿಮಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪ್ಲೇಟುಗಳು ನಲವತ್ತೊಂದು; ತಾವೇ ಎಣಿಸಿದ್ದರು, ಎರಡು ಸಲ. ಎಲ್ಲೋ ಒಂದು ಚಿತ್ರ ಎರಡು ಸಲ ಸೇರಿಕೊಂಡಿರಬೇಕು. ಅವಳ ಬೇಜವಾಬ್ದಾರಿ. ಹಿಡಿದುಕೊಟ್ಟರೆ ಇವತ್ತಿನ ಮಾತಿಗೆ ಸರಿಯಾದ ಉತ್ತರವಾಗುತ್ತದೆ ಎಂದು ಅವರು ಮೊದಲಿನಿಂದ ಒಂದೊಂದಾಗಿ ತೆರೆಯುತ್ತ ಹೋದರು.

ಮಧ್ಯಾಹ್ನ ಮೂರರ ಹೊತ್ತು. ಕೆಳಗೆ ಹೊಲಿಗೆ ಯಂತ್ರಗಳು ಓಡಿ ಓಡಿ ನಿಲ್ಲುತ್ತಿದ್ದವು. ಬಿಡಿಬಿಡಿಯಾಗಿ ನೋಡಿದಾಗ ಅವು ಮುದ್ದುಮಕ್ಕಳ ಚಿತ್ರಗಳಾಗಿದ್ದವು. ಹೀಗೆ ಸಾಲಾಗಿ ನೋಡಿದರೆ ಬೇರೆಯೇ. ಮಕ್ಕಳು ಬದಲಾಗುತ್ತಿದ್ದರು, ಹಿಂದಿನ ಆಕಾರ ಬದಲಾಗುತ್ತಿರಲಿಲ್ಲ. ಮುಖವಿಲ್ಲದ ಯಾರೋ ಒಬ್ಬಳು ಅಲ್ಲಾಡದೆ ಕೂತು, ಊರಿನ ಮಕ್ಕಳನ್ನೆಲ್ಲ ಸರದಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡ ಹಾಗಿತ್ತು. ಪಟ್ಟಿಮಾವ ಒಮ್ಮೆ ತಲೆಯೆತ್ತಿ ಕಿಟಕಿಯ ಪಕ್ಕ ನೋಡಿದರು. ಕುರ್ಚಿ ಇದ್ದಲ್ಲೇ ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ ಎಂದು ತಮ್ಮನ್ನೇ ಗದರಿಕೊಂಡು ಮುಂದಿನದನ್ನು ತೆರೆದರು.

ನಲವತ್ತೆರಡನೆಯದು ಪ್ಲೇಟಲ್ಲ. ಕಾಗದದ ಮೇಲೆ ಅಚ್ಚಾದ ಫೋಟೋ. ಅಂಚು ಹಳದಿಯಾಗಿ, ನಡುವೆ ಮಡಿಕೆ ಬಿದ್ದದ್ದು. ಏಳೆಂಟು ತಿಂಗಳ ಗಂಡುಮಗು ಪರದೆಯ ಮೇಲೆ ಕೂತು ಕ್ಯಾಮೆರಾವನ್ನು ನೋಡುತ್ತಿದೆ. ಮಗುವಿನ ಎಡಗಿವಿಯ ತುದಿ ಒಳಕ್ಕೆ ಮಡಚಿಕೊಂಡಿದೆ.

ಪಟ್ಟಿಮಾವನ ಕೈ ತಾನಾಗಿ ತಮ್ಮ ಎಡಗಿವಿಗೆ ಹೋಯಿತು.

ಅಕ್ಕನ ಪೆಟ್ಟಿಗೆಯಲ್ಲಿ ತಮ್ಮದೊಂದು ಕೂಸಿನ ಫೋಟೋ ಇದೆಯೆಂದು ಅವರಿಗೆ ಗೊತ್ತಿತ್ತು. ಅವಳು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ತಮ್ಮನಿಗೂ. ಅದು ಇಲ್ಲಿಗೆ ಹೇಗೆ ಬಂತು ಎಂಬುದಕ್ಕಿಂತ ಮೊದಲು ಅವರ ಮನಸ್ಸಿಗೆ ಬಂದದ್ದು ಇನ್ನೊಂದು. ಮಗುವಿನ ಹಿಂದೆ ತಲೆಯ ಉಬ್ಬಿತ್ತು. ಭುಜಗಳ ಇಳಿಜಾರಿತ್ತು. ಅರವತ್ತೊಂದು ವರ್ಷ ಲಭ್ಯವಿಲ್ಲ ಎಂದು ಹೇಳಿಕೊಂಡು ಬಂದದ್ದು ಇಲ್ಲಿ, ಒಂದು ಬಟ್ಟೆಯ ಹಿಂದೆ, ಲಭ್ಯವಿತ್ತು. ಅದನ್ನು ತಾವೇ ಅರ್ಧ ಗಂಟೆಯ ಹಿಂದೆ ಗುಂಡಿ ಒತ್ತಿ ಅಳಿಸಿದ್ದರು.

ಇಂಥ ಹೊತ್ತಿನಲ್ಲಿ ಬೇರೆಯವರು ನೀರು ಕುಡಿಯುತ್ತಾರೆ. ಪಟ್ಟಿಮಾವ ಪೆನ್ನು ತೆಗೆದುಕೊಂಡರು. ಚಿತ್ರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿ, ತಮ್ಮ ನಿಯಮದ ಪ್ರಕಾರ, ಕಂಡದ್ದನ್ನು ಮಾತ್ರ ಬರೆದುಕೊಂಡರು. ಮಗು, ನೇರ ನೋಟ. ಪರದೆಯ ಮೂಲೆಯಲ್ಲಿ ಚೌಕದ ತೇಪೆ. ಮಗುವಿನ ಸೊಂಟದ ಎರಡೂ ಕಡೆ ಬಟ್ಟೆಯಲ್ಲಿ ಬೆರಳಿನ ಗುರುತು. ಬಟ್ಟೆಯೊಳಗಿರುವವರ ಎಡಗೈ: ನಾಲ್ಕು ಬೆರಳು ಮಡಚಿದೆ, ಕಿರುಬೆರಳು ನೇರ.

ಆಮೇಲೆ ಫೋಟೋದ ಹಿಂಬದಿಯ ಸ್ಕ್ಯಾನ್ ತೆರೆದರು. ಸ್ಟುಡಿಯೋದ ಮೊಹರು, ಮೊಹರಿನ ಕೆಳಗೆ ದಿನಾಂಕ. ಯಾವುದನ್ನು ಕೈಗೆತ್ತಿಕೊಂಡರೂ ದಿನಾಂಕವನ್ನು ಮೊದಲು ನೋಡುವ ಮನುಷ್ಯ ಆ ದಿನ ಅದನ್ನು ಕೊನೆಗೆ ನೋಡಿದ್ದರು. ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

ತಾಯಿ ಸತ್ತು ಮೂರು ತಿಂಗಳು ಹನ್ನೊಂದು ದಿನಕ್ಕೆ ತೆಗೆದ ಫೋಟೋ ಅದು.

ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅವರು ಸಂಜೆಯಾಗುವ ಮೊದಲೇ ಮನೆಗೆ ಹೋದರು. ಮೆಟ್ಟಿಲಲ್ಲಿ ಎದುರಾದ ಸ್ಕ್ಯಾನರಮ್ಮನನ್ನು ಒಂದೇ ಮಾತು ಕೇಳಿದರು. ಹಿಂದಿನ ವಾರ ಅಕ್ಕನೇ ಬಂದು, ಮೆಟ್ಟಿಲು ಹತ್ತದೆ ಕೆಳಗೇ ನಿಂತು ಫೋಟೋ ಕೊಟ್ಟು ಹೋದಳೆಂದೂ, ಸರ್‌ಗೆ ಹೇಳಬೇಡ, ಪಟ್ಟಿಯಲ್ಲಿ ಸೇರಿಸು ಎಂದಳೆಂದೂ ಅವಳು ಹೇಳಿದಳು.

ಅಕ್ಕ ಹಿತ್ತಲ ಬಾಗಿಲಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ತಮ್ಮನ ಮುಖ ನೋಡಿದವಳೇ ಮಡಚುವುದನ್ನು ನಿಲ್ಲಿಸಿದಳು.

"ಎಷ್ಟು ಜನ ಅಂತ ಬಂತು?" ಎಂದಳು.

"ಏನು?"

"ನಿನ್ನ ಪಟ್ಟೀಲಿ ಕಣೋ. ಆ ಫೋಟೋದಲ್ಲಿ ಎಷ್ಟು ಜನ ಅಂತ ಬಂತು?"

"ಅವಳು ಇಬ್ಬರು ಅಂತ ಬರೆದಿದ್ಲು," ಎಂದರು ಪಟ್ಟಿಮಾವ. ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. "ನಾನು ಒಬ್ಬರು ಅಂತ ಮಾಡ್ದೆ."

ಅಕ್ಕ ಕೈಯಲ್ಲಿದ್ದ ಅಂಗಿಯ ತೋಳನ್ನು ನೇರ ಮಾಡಿದಳು. ಮತ್ತೆ ನೇರ ಮಾಡಿದಳು.

"ಮಾಡ್ತೀಯ," ಎಂದಳು. "ನೀನು ಮಾಡದೆ ಇನ್ಯಾರು ಮಾಡ್ತಾರೆ."

"ಅಕ್ಕ, ಆ ಬಟ್ಟೆ ಒಳಗೆ ಯಾರಿದ್ರು? ನೀನಾ?"

ಅವಳು, ನಿನ್ನೆ ಮಾರುಕಟ್ಟೆಯಲ್ಲಿ ಆದದ್ದನ್ನು ಹೇಳುವ ಹಾಗೆ, ಬಟ್ಟೆ ಮಡಚುತ್ತಲೇ ಹೇಳಿದಳು.

"ಅಪ್ಪ ಕಾಗದ ಬರೆದಿದ್ದ. ಕೂಸು ಹೇಗಿದೆ, ಒಂದು ಫೋಟೋ ಕಳಿಸಿ ಅಂತ. ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ನಾನೊಬ್ಬಳೇ ಹೋದೆ. ಫೋಟೋದವರು ಅಮ್ಮ ಎಲ್ಲಮ್ಮಾ ಅಂದ್ರು. ಇಲ್ಲ ಅಂದೆ. ಸರಿ, ನೀನೇ ಕೂತ್ಕೋ ಅಂದ್ರು. ಕುರ್ಚಿಗೆ ಮೊದಲೇ ಪರದೆ ಹೊದಿಸಿ ಇಟ್ಟಿದ್ರು. ಅದರ ಅಂಚು ಎತ್ತಿ ಒಳಗೆ ನುಸುಳಿದೆ."

"ಹೂಂ."

"ಕೂರೋಕೆ ಹೋದೆ. ಕುರ್ಚಿ ಮೆತ್ತಗಿತ್ತು. ಬೆಚ್ಚಗಿತ್ತು." ಅಕ್ಕ ತನ್ನ ಮಂಡಿಯ ಮೇಲೆ ಅಂಗೈ ಇಟ್ಟಳು. "ಮಂಡಿ ಇತ್ತು ಕಣೋ ಅಲ್ಲಿ. ಒಳಗೆ ಆಗಲೇ ಯಾರೋ ಕೂತಿದ್ರು."

ಹಿತ್ತಲಲ್ಲಿ ತಂತಿಯ ಮೇಲಿದ್ದ ಒಂದು ಬಿಳಿ ಹಾಸು ಗಾಳಿಗೆ ಉಬ್ಬಿ ಇಳಿಯಿತು.

"ಕಿರಿಚ್ಕೊಂಡು ಹೊರಗೆ ಬಂದೆ. ಫೋಟೋದವರು ನಕ್ಕುಬಿಟ್ರು. ಹೆದರ್ಕೊಂಡ್ಲು ಪಾಪ, ಒಳಗೆ ಕತ್ತಲೆ ಅಂತ. ಕೈಗೆ ಗಿಲಕಿ ಕೊಟ್ಟು ಕ್ಯಾಮೆರಾ ಪಕ್ಕ ನಿಲ್ಲಿಸಿದ್ರು. ನಿನ್ನನ್ನ ಪರದೆ ಮೇಲೆ ಸುಮ್ನೆ ಕೂರಿಸಿ ನೋಡೋಣ, ಬಿದ್ರೆ ಹಿಡ್ಕೊಂಡ್ರಾಯ್ತು ಅಂದ್ರು. ನೀನು ಬೀಳ್ಲಿಲ್ಲ. ಐದು ಎಣಿಸೋವರೆಗೂ ಅಲ್ಲಾಡ್ಲಿಲ್ಲ. ಇಂಥ ಮಗು ನೋಡೇ ಇಲ್ಲ ಅಂದ್ರು."

"ಫೋಟೋದವರ ಹೆಂಡತಿ ಕೂತಿರಬಹುದಲ್ಲ?" ಎಂದರು ಪಟ್ಟಿಮಾವ. ದನಿ ಅವರದ್ದಾಗಿರಲಿಲ್ಲ.

"ಅವರು ಕಿಟಕಿ ಹತ್ರ ಬಿಳಿ ಬಟ್ಟೆ ಹಿಡ್ಕೊಂಡು ನಿಂತಿದ್ರು, ಬೆಳಕು ಬೀಳೋಕೆ. ಕೋಣೇಲಿ ಇದ್ದದ್ದು ಅವರಿಬ್ಬರು, ನಾನು, ನೀನು. ಅಷ್ಟೇ." ಅಕ್ಕ ಮಡಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು. "ಅಮ್ಮನೇ ಇರಬಹುದು ಅಂತ ನಂಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲೀವರೆಗೆ ಹೆದರಿಕೆ ಒಂದೇ. ಆಮೇಲೆ ಯೋಚನೆ ಬಂತು — ಮಕ್ಕಳನ್ನ ನೋಡೋಕೆ ಅಂತ ಬಂದಿದ್ಲು, ನಾನು ಕಿರಿಚ್ಕೊಂಡು ಎದ್ದು ಓಡಿಬಿಟ್ಟೆ. ನೀನು ಕೂತೆ. ನಾನು ಓಡಿದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ದೆ? ಅಂದುಕೊಂಡದ್ದು ಅಂತಿದ್ದೆ. ನಾನೂ ಎಷ್ಟೋ ಸಲ ಹಂಗೇ ಅಂದ್ಕೊಂಡಿದ್ದೀನಿ. ಒಂಬತ್ತು ವರ್ಷದ ಹುಡುಗಿ, ಕತ್ತಲೆ, ಏನೋ ಭ್ರಮೆ. ಅದಕ್ಕೇ ಕೊಟ್ಟೆ. ಏನೂ ಗೊತ್ತಿಲ್ದೋರು ನೋಡಿ ಎಷ್ಟು ಜನ ಅಂತಾರೋ ನೋಡೋಣ ಅಂತ."

ಪಟ್ಟಿಮಾವ ಜೇಬಿನಿಂದ ತಾವು ಬರೆದುಕೊಂಡ ಚೀಟಿ ತೆಗೆದರು. ಓದಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಅಕ್ಕ, ಅಮ್ಮನ ಕೈ ಹೇಗಿತ್ತು?"

"ಕೈಯಾ? ಎಲ್ಲರ ಹಾಗೇ. ಎಡಗೈ ಕಿರುಬೆರಳು ಮಾತ್ರ ಮಡಚ್ತಾ ಇರ್ಲಿಲ್ಲ. ಚಿಕ್ಕವಳಿದ್ದಾಗ ಬಾಗಿಲಿಗೆ ಸಿಕ್ಕಿ ಜಜ್ಜಿತ್ತಂತೆ. ಲೋಟ ಹಿಡಿದ್ರೂ ಹಿಂಗೇ ನೆಟ್ಟಗೆ ನಿಂತಿರೋದು." ಅಕ್ಕ ತೋರಿಸಿದಳು. ನಾಲ್ಕು ಬೆರಳು ಮಡಚಿತ್ತು, ಕಿರುಬೆರಳು ನೇರ.

ಪಟ್ಟಿಮಾವ ಚೀಟಿಯನ್ನು ಅವಳ ಮಡಿಲಲ್ಲಿಟ್ಟರು. ಅವಳು ಅದನ್ನು ದೂರ ಹಿಡಿದು, ಹತ್ತಿರ ತಂದು, ಓದಿದಳು. ಆಮೇಲೆ ಚೀಟಿಯನ್ನೂ ಅಂಗಿಯ ಹಾಗೆಯೇ ಅಂಚಿಗೆ ಅಂಚು ಕೂಡಿಸಿ ಮಡಚಿದಳು.

ಕರಗಿಸಿದ ಟ್ಯಾಗು ಮತ್ತೆ ಬರುವುದಿಲ್ಲವಾದ್ದರಿಂದ ನಲವತ್ತೆರಡು ಚಿತ್ರಗಳನ್ನೂ ಒಂದೊಂದಾಗಿ ತೆರೆದು ಪಟ್ಟಿಮಾವ ಕೈಯಾರೆ ತಿದ್ದಬೇಕಾಯಿತು. ಮೊದಲು ನಿಯಮಾವಳಿಗೆ ತಿದ್ದುಪಡಿ ಬರೆದರು: ಬಟ್ಟೆಯ ಮೇಲೆ ಮೂಡಿದ ಆಕಾರವೂ ಕಂಡದ್ದೇ. ಸ್ಕ್ಯಾನರಮ್ಮ ಅದನ್ನೋದಿ, "ನಾನು ಹೇಳಿದ್ದೂ ಇದೇ ಅಲ್ವಾ ಸರ್?" ಎಂದಳು. "ನೀನು ನಿಯಮದ ರೂಪದಲ್ಲಿ ಹೇಳಿರಲಿಲ್ಲ," ಎಂದರು ಪಟ್ಟಿಮಾವ. ಆದರೆ ಆ ದಿನ ಅವಳ ಚಹಾವನ್ನು ತಾವೇ ಕೆಳಗಿನಿಂದ ತಂದುಕೊಟ್ಟರು. ಅವಳಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೊನೆಯ ಚಿತ್ರಕ್ಕೆ ಟ್ಯಾಗ್ ಹಾಕಿ, ಇರುವವರ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೂ ತಾಯಿಯ ಹೆಸರನ್ನೂ ಬರೆದರು. ದಿನಾಂಕವನ್ನು ಇದ್ದ ಹಾಗೇ ಬಿಟ್ಟರು. ಸಂಜೆಗೆ ಡಾಕ್ಟರಿಂದ ಸಂದೇಶ ಬಂತು: "ನೋಡಿ ಇವರೇ, ಈ ತಾಯಿಯವರ ಮರಣದ ದಿನಾಂಕ ನೀವೇ ಇನ್ನೊಂದು ಕಡೆ ಕೊಟ್ಟಿದ್ದೀರಿ. ಹೆಸರೋ ದಿನಾಂಕವೋ ಒಂದು ತಪ್ಪಿರಬೇಕು. ತಿದ್ದುವುದು." ಪಟ್ಟಿಮಾವ ಒಂದು ಸಾಲಿನ ಉತ್ತರ ಕಳಿಸಿದರು: "ಎರಡನ್ನೂ ಪರಿಶೀಲಿಸಲಾಗಿದೆ." ಡಾಕ್ಟರು ಮತ್ತೆ ಕೇಳಲಿಲ್ಲ. ಪಟ್ಟಿಮಾವ ಪರಿಶೀಲಿಸಿದ ಮೇಲೆ ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನನ್ನು ಕರೆತಂದರು. ಅವಳು ಮೆಟ್ಟಿಲು ಹತ್ತುತ್ತ ಮೂರು ಕಡೆ ನಿಂತು, ಮೂರು ಕಡೆಯೂ ಕಟ್ಟಡ ಕಟ್ಟಿದವನನ್ನು ಬೈದಳು. ಸ್ಕ್ಯಾನರಮ್ಮ ಚಿತ್ರ ತೆರೆದು ತೋರಿಸಿದಳು.

"ನಾನು ಕನ್ನಡಕ ತಂದಿಲ್ಲ. ಓದು," ಎಂದಳು ಅಕ್ಕ ತಮ್ಮನಿಗೆ. ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು.

"ಇಬ್ಬರು. ಕೂತು. ಪರದೆಯಡಿ ತಾಯಿ."

"ಇನ್ನೊಂದ್ಸಲ."

ಅವರು ಇನ್ನೊಮ್ಮೆ ಓದಿದರು. ಅಕ್ಕ ತಲೆಯಾಡಿಸಿದಳು. ಆಮೇಲೆ ತಿರುಗಿದವಳು ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದಳು. ಎಲೆಯ ಅಂಚು, ಚೌಕದ ತೇಪೆ. ಅದು ಇಲ್ಲಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಪಟ್ಟಿಮಾವನಿಗೂ ಆ ಗಳಿಗೆಯಲ್ಲೇ ಹೊಳೆದದ್ದು, ಹೇಳಬೇಕಿತ್ತು ಎಂದು.

"ಅಕ್ಕ, ಬಾ, ಈ ಕಡೆ ಕೂತ್ಕೋ," ಎಂದರು.

"ಸುಮ್ನಿರೋ."

ಅವಳು ನಿಧಾನವಾಗಿ ಕುರ್ಚಿಯ ಹತ್ತಿರ ಹೋದಳು. ಪರದೆಯನ್ನು ಮುಟ್ಟಿದಳು. ಯಾರ ಜೊತೆಗೋ ಮಾತಾಡುವ ಹಾಗೆ, ತಮ್ಮನ ಜೊತೆಯಲ್ಲ, ಸಣ್ಣ ದನಿಯಲ್ಲಿ, "ಈ ಸಲ ಕಿರುಚಲ್ಲ," ಎಂದಳು. ಬೆನ್ನು ತಿರುಗಿಸಿ, ಕುರ್ಚಿಯ ಎರಡೂ ತೋಳುಗಳನ್ನು ಹಿಡಿದು, ಪರದೆಯ ಮೇಲೆ ಕೂತಳು.

ಕೆಳಗೆ ಹೊಲಿಗೆ ಯಂತ್ರಗಳು ಒಟ್ಟಿಗೇ ನಿಂತವು. ಸ್ಕ್ಯಾನರಮ್ಮ ಬಾಯಿ ಮುಚ್ಚಿಕೊಂಡಿದ್ದಳು; ಅದು ಆ ಕೋಣೆಯಲ್ಲಿ ಮೊದಲ ಸಲ. ಅಕ್ಕ ಕಿಟಕಿಯ ಬೆಳಕಿನಲ್ಲಿ ಅಲ್ಲಾಡದೆ ಕೂತಿದ್ದಳು. ಹೆದರಿರಲಿಲ್ಲ. ನೋವು ಕಡಿಮೆಯಾದವರ ಮುಖ ಹೇಗಿರುತ್ತದೋ ಹಾಗಿತ್ತು.

"ಫೋಟೋ ತೆಗೀಲಾ ಸರ್?" ಎಂದು ಸ್ಕ್ಯಾನರಮ್ಮ ಪಿಸುಗುಟ್ಟಿದಳು. ಪಟ್ಟಿಮಾವ ತಲೆಯಾಡಿಸಿದರು. ಅವಳು ಫೋನೆತ್ತಿ ಒಂದು ತೆಗೆದಳು. ಈಗಿನ ಕ್ಯಾಮೆರಾಗಳಿಗೆ ಐದು ಎಣಿಸಬೇಕಾಗಿಲ್ಲ; ಆದರೂ ಪಟ್ಟಿಮಾವ ಮನಸ್ಸಿನಲ್ಲೇ ಎಣಿಸಿದರು. ಐದಾದ ಮೇಲೆ ಅಕ್ಕ ತಾನಾಗಿ ಎದ್ದಳು. ಎದ್ದಳು ಎನ್ನುವುದಕ್ಕಿಂತ ಇಳಿದಳು ಎನ್ನಬೇಕು.

"ನಡಿ, ಅಡುಗೆ ಆಗ್ಬೇಕು," ಎಂದಳು.

ಅವಳನ್ನು ಆಟೋ ಹತ್ತಿಸಿ ಪಟ್ಟಿಮಾವ ಮೇಲೆ ಬಂದಾಗ ಸ್ಕ್ಯಾನರಮ್ಮ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಕೀಲಿಮಣೆಯಿಂದ ದೂರ ಸರಿದು ಕೂತಿದ್ದಳು.

"ಇದಕ್ಕೆ ಟ್ಯಾಗು ನೀವೇ ಹಾಕಿ ಸರ್. ನನ್ನ ಕೈಲಾಗಲ್ಲ."

ಪಟ್ಟಿಮಾವ ಕನ್ನಡಕ ಒರೆಸಿಕೊಂಡು ಕೂತರು. ಚಿತ್ರದಲ್ಲಿ ಕಿಟಕಿ, ಕುರ್ಚಿ, ಎಲೆಯ ಅಂಚಿನ ಪರದೆ, ಅದರ ಮೇಲೆ ಎಪ್ಪತ್ತು ವರ್ಷದ ಎತ್ತರದ ಹೆಂಗಸು. ಸ್ಕ್ಯಾನರಮ್ಮನಂಥ ಗಿಡ್ಡ ಆಳು ಕೂತರೂ ಮಂಡಿ ಗದ್ದಕ್ಕೆ ಬಡಿಯುವ ಕುರ್ಚಿ ಅದು. ಅಕ್ಕನ ಪಾದಗಳು ನೆಲದಿಂದ ಒಂದು ಗೇಣು ಮೇಲೆ, ಚಿಕ್ಕ ಮಕ್ಕಳ ಪಾದಗಳ ಹಾಗೆ, ಗಾಳಿಯಲ್ಲಿ ತೂಗುತ್ತಿದ್ದವು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನಿಯಮಾವಳಿ ತೆರೆದು, ದೊಡ್ಡವರಿಗೆ ಬಳಸಕೂಡದು ಎಂಬ ಸಾಲನ್ನು ಹೊಡೆದುಹಾಕಿದರು. ಎರಡೂ ಕೈಯಲ್ಲಿ, ಅಕ್ಷರ ತಪ್ಪದ ಹಾಗೆ, ಒಂದೊಂದೇ ಕೀಲಿ ಒತ್ತಿ, ಕಂಡದ್ದನ್ನು ಬರೆದರು.

ಇಬ್ಬರು. ಕೂತು, ಕಾಲು ತೂಗಿ.